ಹುತಾಶನ ಕಂಪನಿಯ ಹೊಗಳುಭಟರು

ನಮ್ಮ ಭಾವ ಪಂಢರಿನಾಥ ರಾಯರು ಹೊಗಳದೆ ಬಿಟ್ಟ ಕಂಪನಿ ಮದರಾಸಿನಲ್ಲಿ ಒಂದೂ ಇರಲಿಲ್ಲ. ಒಂದು ಕಂಪನಿಯ ಹತ್ತು ಷೇರು ಕೈಯಲ್ಲಿದ್ದರೆ ಸಾಕು, ವಾರ್ಷಿಕ ಸಭೆಯ ಕರೆ ಮನೆಗೇ ಬರುತ್ತದೆ. ಆಗಸ್ಟ್, ಸೆಪ್ಟೆಂಬರ್ ಬಂತೆಂದರೆ ಊರಿನ ಸಭಾಭವನಗಳಲ್ಲಿ ದಿನಕ್ಕೆರಡು ಸಭೆ. ಬೆಳಗ್ಗೆ ಒಂದು ಕಡೆ ಪೊಂಗಲ್ ವಡೆ, ಮಧ್ಯಾಹ್ನ ಇನ್ನೊಂದು ಕಡೆ ಬೋಂಡಾ ಕಾಫಿ. ಭಾವ ಇಸ್ತ್ರಿ ಪಂಚೆ ಉಟ್ಟು, ಹಣೆಗೆ ಅಂಗಾರ ಅಕ್ಷತೆ ಇಟ್ಟು, ಹಳದಿ ಬಟ್ಟೆಚೀಲ ಹಿಡಿದು ಹೊರಟರೆ ಮೊದಲ ಸಾಲಿನ ಕುರ್ಚಿ ಅವರದೇ.

ಮೈಕು ಸಿಕ್ಕಿದ ಕೂಡಲೆ ಶುರು. "ಮಾನ್ಯ ಚೇರ್ಮನ್ ಸಾರ್, ಹೋದ ವರ್ಷ ನಮ್ಮ ವರದಿಯ ಹೊದಿಕೆ ಹಸಿರಾಗಿತ್ತು, ಈ ವರ್ಷ ನೀಲಿ. ಹಸಿರು ಎಂದರೆ ಭೂಮಿ, ನೀಲಿ ಎಂದರೆ ಆಕಾಶ. ನಿಮ್ಮ ನೇತೃತ್ವದಲ್ಲಿ ಕಂಪನಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಬೇರೆ ಹೇಳಬೇಕೆ?" ಚಪ್ಪಾಳೆ. ಆಮೇಲೆ ಒಂದು ಶ್ಲೋಕ. ಕೊನೆಗೆ ಮೂರು ಬೇಡಿಕೆ: ಬೋನಸ್ ಷೇರು ಕೊಡಿ, ಷೇರುದಾರರನ್ನು ಫ್ಯಾಕ್ಟರಿ ನೋಡಲು ಕರೆದುಕೊಂಡು ಹೋಗಿ, ಮುಂದಿನ ಸಲ ತಿಂಡಿ ಪೊಟ್ಟಣಕ್ಕೆ ಒಂದು ಸಿಹಿ ಸೇರಿಸಿ. ಈ ಮೂರನೆಯದು ಮಾತ್ರ ಯಾವಾಗಲೂ ನೆರವೇರುತ್ತಿತ್ತು. ಕಂಪನಿಗಳ ಸೆಕ್ರೆಟರಿಗಳು ಮಾತನಾಡುವವರ ಪಟ್ಟಿಯಲ್ಲಿ ಇವರ ಹೆಸರನ್ನು ತಾವಾಗಿಯೇ ಮೊದಲು ಬರೆದುಕೊಳ್ಳುತ್ತಿದ್ದರೆಂದರೆ ನೀವೇ ಊಹಿಸಿ.

ನಾನು ವೃಂದಾ, ಭಾವನ ಹೆಂಡತಿ ಗೋದಾಬಾಯಿಯ ತಂಗಿ. ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಕೀಲ್ಪಾಕಿನ ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ ಅಕ್ಕನದೂ ನನ್ನದೂ ಎದುರುಬದುರು ಬಾಗಿಲು. ಲಿಫ್ಟ್ ಇಲ್ಲ. ನನ್ನ ನಾಲಗೆ ಸ್ವಲ್ಪ ಖಾರ ಎಂದು ಭಾವ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾರೆ. ಇರಲಿ, ಅವರ ನಾಲಗೆಯ ಸಕ್ಕರೆಗೆ ಯಾರಾದರೂ ಸಮ ಮಾಡಬೇಕಲ್ಲ.

ಇಷ್ಟೆಲ್ಲ ಹೊಗಳುವ ಮನುಷ್ಯ ತನ್ನ ಕೆಲಸದ ಬಗ್ಗೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಮದುವೆಯ ಕರೆಯೋಲೆಯಲ್ಲಿ 'ಕಾರ್ಪೊರೇಷನ್ ಆಫೀಸು' ಎಂದಿತ್ತು. ನಮ್ಮ ಅಪ್ಪ ಕಾರ್ಪೊರೇಷನ್ನಿನ ರಿಪ್ಪನ್ ಬಿಲ್ಡಿಂಗಿನಲ್ಲಿ ಫ್ಯಾನಿನ ಕೆಳಗೆ ಕುರ್ಚಿ ಎಂದುಕೊಂಡು ಹೆಣ್ಣು ಕೊಟ್ಟರು. ಆರು ತಿಂಗಳ ಮೇಲೆ ಗೊತ್ತಾಯಿತು, ಅಳಿಯ ಕೂರುವುದು ಊರಾಚೆಯ ಕಸದ ಮೈದಾನದ ಬಾಗಿಲಲ್ಲಿ, ಲಾರಿಗಳನ್ನು ತೂಗುವ ವೇಬ್ರಿಡ್ಜಿನ ಗೂಡಿನಲ್ಲಿ ಎಂದು. ಮೂವತ್ತೆರಡು ವರ್ಷ ಅದೇ ಗೂಡು. ಸಂಜೆ ಮನೆಗೆ ಬಂದರೆ ಷರ್ಟು ಪ್ಯಾಂಟು ಹೊರಗಿನ ಬಕೆಟ್ಟಿಗೆ, ತಲೆಗೆ ಎರಡು ಕೊಡ ನೀರು, ಆಮೇಲೇ ಒಳಗೆ ಕಾಲು. ಆ ಲಾರಿಗಳ ಸುದ್ದಿ ಆ ಮನೆಯ ಹೊಸಿಲು ದಾಟಿ ಒಳಗೆ ಬಂದದ್ದೇ ಇಲ್ಲ. ಅಕ್ಕನೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ನೆಂಟರು ಕೇಳಿದರೆ "ಅಕೌಂಟ್ಸ್ ಸೈಡು" ಎನ್ನುತ್ತಿದ್ದರು.

ಅಂಥವರ ಕೈಗೆ ೨೦೦೪ರಲ್ಲಿ ಹುತಾಶನ ಎನ್ವಿರೋ ಪವರ್ ಲಿಮಿಟೆಡ್ ಎಂಬ ಕಂಪನಿಯ ಕಾಗದ ಸಿಕ್ಕಿತು. ಊರಿನ ಕಸವನ್ನು ಭಾರಿ ಶಾಖದ ಒಲೆಯಲ್ಲಿ ಅನಿಲವಾಗಿಸಿ ಕರೆಂಟು ತೆಗೆಯುತ್ತಾರಂತೆ. ಪೆರುಂಗುಡಿಯ ಆಚೆ ಕಾರ್ಖಾನೆ. ಹೊದಿಕೆಯ ಮೇಲೆ ಕಸದ ಗುಡ್ಡ, ಗುಡ್ಡದ ತುದಿಯಲ್ಲಿ ಉರಿಯುವ ಬಲ್ಬು. ಭಾವ ಆ ಕಾಗದವನ್ನು ಮೂರು ದಿನ ದೇವರ ಮುಂದೆ ಇಟ್ಟಿದ್ದರು. ನನಗೆ ಆಗ ನಗು ಬಂತು, ಈಗ ಬರುವುದಿಲ್ಲ. ತಾನು ಜೀವಮಾನವೆಲ್ಲ ತೂಗಿದ್ದು ಬರೀ ಹೊಲಸಲ್ಲ, ಚಿನ್ನ ಎಂದು ಯಾರೋ ಸೂಟು ಹಾಕಿಕೊಂಡವರು ಅಚ್ಚು ಹಾಕಿಸಿ ಹೇಳುತ್ತಿದ್ದರು. ಯಾರು ತಾನೇ ನಂಬುವುದಿಲ್ಲ?

ಅದೇ ವರ್ಷ ತಿರುವಲ್ಲಿಕೇಣಿಯ ನಮ್ಮ ತವರುಮನೆ ಮಾರಿ ಅಕ್ಕನಿಗೂ ನನಗೂ ಮೂರು ಮೂರು ಲಕ್ಷ ಬಂದಿತ್ತು. ನನ್ನದು ಅಂಚೆ ಕಚೇರಿಗೆ ಹೋಯಿತು. ಅಕ್ಕನದು ಹುತಾಶನಕ್ಕೆ, ಅವಳ ಹೆಸರಲ್ಲಿ ಹದಿನಾಲ್ಕು ಸಾವಿರ ಷೇರು. ಅಕ್ಕ ಸಹಿ ಹಾಕಿದ್ದು ಒಂದೇ ಷರತ್ತಿನ ಮೇಲೆ.

"ನನಗೆ ಕೆಳಗಿನ ಮನೆ ಬೇಕು. ಆ ದುಡ್ಡು ಎಷ್ಟು ಬೇಕಾದ್ರೂ ಬೆಳೀಲಿ, ಬೆಳೀದೇ ಇರಲಿ, ಶಿವರಾಮು ಮನೆ ಮಾರೋ ದಿನ ನನ್ನ ಕೈಗೆ ವಾಪಸ್ ಬರಬೇಕು."

ಶಿವರಾಮು ನೆಲಮಹಡಿಯ ಮನೆಯವರು. ಅಕ್ಕನ ಮಂಡಿಗಳು ಆಗಲೇ ಸವೆದಿದ್ದವು. ಐವತ್ತೆರಡು ಮೆಟ್ಟಿಲು. ೨೦೦೬ರ ಹೊತ್ತಿಗೆ ಡಾಕ್ಟರ ಹತ್ತಿರ ಹೋಗುವುದು ಬಿಟ್ಟರೆ ಅವಳು ಕೆಳಗಿಳಿಯುವುದೇ ನಿಂತಿತ್ತು. ಐದು ತಿಂಗಳಿಂದ ಗುಡಿ ಇಲ್ಲ, ತರಕಾರಿ ಗಾಡಿ ಇಲ್ಲ, ನಾಲ್ಕು ಜನರ ಮುಖ ಇಲ್ಲ. ಬಾಲ್ಕನಿಯಿಂದ ಬಗ್ಗಿ ಕೆಳಗಿನ ಮನೆಯ ಮುಂದಿನ ನಾಲ್ಕು ಅಡಿ ಜಾಗ ನೋಡಿ "ಅಲ್ಲಿ ಒಂದು ತುಳಸಿ, ಒಂದು ಬೆತ್ತದ ಕುರ್ಚಿ" ಎನ್ನುತ್ತಿದ್ದಳು. ಶಿವರಾಮು ಮಗಳ ಮನೆಗೆ ಹೊರಟಿದ್ದರು. ಅಕ್ಕನ ಮೇಲಿನ ಮನೆ ಮಾರಿ ಬರುವುದರ ಮೇಲೆ ಐದು ಲಕ್ಷ ಹಾಕಿದರೆ ಕೆಳಗಿನ ಮನೆ ನಮ್ಮದು, ವಿಜಯದಶಮಿವರೆಗೆ ಬೇರೆಯವರಿಗೆ ಕೊಡುವುದಿಲ್ಲ ಎಂದು ಮಾತು ಕೊಟ್ಟಿದ್ದರು.

ಹುತಾಶನ ಆ ಹೊತ್ತಿಗೆ ಎಪ್ಪತ್ತೆರಡು ರೂಪಾಯಿ. ಅಕ್ಕನ ಮೂರು ಲಕ್ಷ ಹತ್ತು ಲಕ್ಷವಾಗಿತ್ತು. ನಾನು ಭಾಗಾಕಾರ ಗುಣಾಕಾರ ಎಲ್ಲ ಮಾಡಿ ತೋರಿಸಿದೆ, ಮಾರಿ ಭಾವ, ಮಾರಿ ಎಂದು ಗಂಟಲು ಹರಿದುಕೊಂಡೆ. ಅವರದು ಒಂದೇ ಹಾಡು. "ಸೆರಿ ವೃಂದಾ, ಸೆರಿ. ವಾರ್ಷಿಕ ಸಭೆ ಆಗಲಿ. ನೂರು ಮುಟ್ಟತ್ತೆ. ಗೋದಾಗೆ ಕೆಳಗಿನ ಮನೆ ಜತೆ ಮಾರ್ಬಲ್ ನೆಲವೂ ಹಾಕಿಸ್ತೀನಿ."

ಹುತಾಶನದ ನಿಜವಾದ ಯುದ್ಧ ನಡೆಯುತ್ತಿದ್ದುದು ಕೃಷ್ಣರಾಜನ ಷೇರು ಅಂಗಡಿಯಲ್ಲಿ. ಪಕ್ಕದ ಬೀದಿಯಲ್ಲಿ ಒಂದು ಕೋಣೆ, ಒಂದು ಕಂಪ್ಯೂಟರು, ಅದರ ಮುಂದೆ ಎಂಟು ಪ್ಲಾಸ್ಟಿಕ್ ಕುರ್ಚಿ. ನಿವೃತ್ತರೆಲ್ಲ ಬೆಳಗ್ಗೆ ಹತ್ತಕ್ಕೆ ಬಂದು ಹಸಿರು ಕೆಂಪು ಅಂಕಿ ನೋಡುತ್ತ ಕೂರುವುದು, ಮೂರೂವರೆಗೆ ಮಾರುಕಟ್ಟೆ ಮುಚ್ಚಿದ ಮೇಲೆ ಏನೋ ದೊಡ್ಡ ಕೆಲಸ ಮುಗಿಸಿದವರಂತೆ ಮನೆಗೆ ಹೋಗುವುದು. ಅಲ್ಲಿ ಭಾವನಿಗೆ ಎದುರಾಳಿ ಗುರುಬಸಪ್ಪ. ಹಾವೇರಿ ಕಡೆಯ ಲಿಂಗಾಯತರು, ಪುರಸವಾಕ್ಕದಲ್ಲಿ ಮೂವತ್ತು ವರ್ಷದಿಂದ ಪಂಪ್‌ಸೆಟ್ ವ್ಯಾಪಾರ. ಅಂಗಡಿ ಮಗನಿಗೆ ಬಿಟ್ಟು ಇಲ್ಲಿ ಬಂದು ಭಾವನ ಜೊತೆ ಜಗಳವಾಡುವುದು ಅವರ ಆರೋಗ್ಯಕ್ಕೆ ಒಳ್ಳೆಯದು ಎಂದು ಅವರ ಹೆಂಡತಿ ಜಯದೇವಿಯೇ ನನಗೆ ಹೇಳಿದ್ದಳು.

"ಅಲ್ರೀ ರಾಯರ," ಎಂದು ಶುರು ಮಾಡುತ್ತಿದ್ದರು ಗುರುಬಸಪ್ಪ, "ಈ ಊರಿನ ಕಸ ಅಂದ್ರ ಏನು? ಬಾಳಿಎಲಿ, ಸಾಂಬಾರು, ನುಗ್ಗಿಕಾಯಿ ಸಿಪ್ಪಿ. ನೀರು ಸುರಿತಿರ್ತೈತಿ. ಅದನ್ನ ಒಣಗ್ಸಾಕ ಕರೆಂಟ್ ಹಾಕ್ಬೇಕು. ಕರೆಂಟ್ ಹಾಕಿ ಕರೆಂಟ್ ತಗಿಯೋದು ಎಂಥಾ ಧಂದೆ ರೀ?"

"ಅದು ಅಮೆರಿಕಾದ ಟೆಕ್ನಾಲಜಿ, ಗುರುಬಸಪ್ಪನವರೇ."

"ಹ್ವಾದ ವರ್ಷದ ವರದಿಯೊಳಗ ಜರ್ಮನಿ ಅಂತಿತ್ತಲ್ರೀ!"

"ನೋಡಿ, ಎರಡು ದೇಶದವರು ಸೇರಿದಾರೆ ಅಂದಮೇಲೆ ಎಷ್ಟು ಗಟ್ಟಿ ಇರಬೇಕು!"

ಇದಕ್ಕೆ ಯಾರು ಏನು ಹೇಳುತ್ತಾರೆ? ಭಾವನ ಮಗಳು ಸುಮೇಧಾ ಪೆರುಂಗುಡಿಯಲ್ಲೇ ಕಂಪ್ಯೂಟರ್ ಆಫೀಸಿಗೆ ಹೋಗುವವಳು. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವುದು ಅವಳ ಪದ್ಧತಿ. ಒಂದು ದಿನ ಊಟಕ್ಕೆ ಕೂತಾಗ "ಅಪ್ಪಾ, ಡೈಲಿ ಬಸ್ಸಿಲೆ ಪೋರೇನ್. ಅಂದ ಚಿಮ್ನಿಲೇ ಪುಗೆಯೇ ವರಲೆ" ಎಂದಳು. ದಿನಾ ನೋಡುತ್ತೇನೆ, ಆ ಚಿಮಣಿಯಲ್ಲಿ ಹೊಗೆಯೇ ಬರುವುದಿಲ್ಲ ಎಂದು. ಭಾವ ಅನ್ನದ ಕೈ ಎತ್ತಿ ಕುಣಿಯುವುದೊಂದು ಬಾಕಿ. "ಅದೇ ಅಮ್ಮಾ ಟೆಕ್ನಾಲಜಿ! ಹೊಗೆ ಬಂದರೆ ಅದು ಹಳೇ ಕಾಲದ ಒಲೆ!" ಮಾರನೆಯ ದಿನ ಷೇರು ಅಂಗಡಿಯಲ್ಲಿ ಇದನ್ನೇ ಸುದ್ದಿ ಮಾಡಿದರು. ಹೊಗೆ ಇಲ್ಲ ಎಂಬುದು ಕಣ್ಣಾರೆ ಕಂಡ ಸಾಕ್ಷಿಯಂತೆ. ಅವತ್ತು ಎಂಟು ಕುರ್ಚಿಯಲ್ಲಿ ಐದು ಕುರ್ಚಿ ಹುತಾಶನ ಕೊಂಡಿತು. ಕೃಷ್ಣರಾಜ ಎರಡೂ ಕಡೆಯವರಿಗೂ ಕಾಫಿ ತರಿಸಿ ತನ್ನ ದಳ್ಳಾಳಿ ದುಡ್ಡು ಎಣಿಸಿಕೊಂಡ.

ಆ ಐದು ಜನರ ಹಿಂದೆ ಇನ್ನೂ ಎಷ್ಟೋ ಜನ. ನಮ್ಮ ಮನೆಗಳಲ್ಲಿ ಶ್ರಾದ್ಧದ ಅಡಿಗೆಗೆ ಬರುವ ಚಂದ್ರಮತಿಯಮ್ಮನೂ ಇನ್ನೂರು ಷೇರು ತೆಗೆದುಕೊಂಡಿದ್ದಳು. ಗಂಡನಿಲ್ಲದ ಹೆಂಗಸು, ಹೊಗೆಯಲ್ಲಿ ಕಣ್ಣು ಕೆಂಪು ಮಾಡಿಕೊಂಡು ದುಡಿದದ್ದು. "ರಾಯರು ಇಟ್ಟುಕೊಂಡಿದಾರೆ ಅಂದಮೇಲೆ ಇನ್ನೇನು" ಎನ್ನುತ್ತಿದ್ದಳು. ಆ ಮಾತು ಕೇಳಿದರೆ ಭಾವ ಇನ್ನೆರಡು ಅಂಗುಲ ಎತ್ತರವಾಗುತ್ತಿದ್ದರು.

೨೦೦೬ರ ಮಹಾಲಯ ಪಕ್ಷದ ಕೊನೆ. ಶನಿವಾರ ವಾರ್ಷಿಕ ಸಭೆ. ಅದಕ್ಕೆ ಎರಡು ದಿನ ಮುಂಚೆ, ಗುರುವಾರ, ಷೇರುದಾರರನ್ನು ಕಾರ್ಖಾನೆ ನೋಡಲು ಕಂಪನಿಯವರು ಬಸ್ಸು ಮಾಡಿ ಕರೆದುಕೊಂಡು ಹೋದರು. ಭಾವ ನನ್ನ ಹೆಸರಲ್ಲೂ ಹತ್ತು ಷೇರು ತೆಗೆದಿದ್ದರಿಂದ ನಾನೂ ಹೊರಟೆ. ಬಸ್ಸಿನಲ್ಲಿ ನೋಡಿದರೆ ಗುರುಬಸಪ್ಪ!

"ನೀವು ಹೆಂಗೆ ಇಲ್ಲಿ?" ಎಂದೆ.

"ಸಭಾಕ್ಕ ಬಂದು ಬೈಬೇಕಲ್ರೀ ಟೀಚರ್ರ, ಅದಕ್ಕಂತ ಒಂದು ಷೇರು ತಗೊಂಡೀನಿ. ಒಂದ ಒಂದು."

ಕಾರ್ಖಾನೆಯೆಂದರೆ ಹಸಿರು ಬಣ್ಣದ ಗೇಟು, ಸಾಲಾಗಿ ಕ್ರೋಟನ್ ಕುಂಡ, ಬಿಳಿ ಹೆಲ್ಮೆಟ್ಟಿನ ಎಂಡಿ. ನಮಗೆಲ್ಲ ಬಾದಾಮಿ ಹಲ್ವ ಕೊಟ್ಟರು. ಎಂಡಿ ಒಂದು ಸ್ವಿಚ್ಚು ಒತ್ತಿದ ಕೂಡಲೆ ಗೋಡೆಯ ಮೇಲೆ ಹುತಾಶನ ಎಂದು ಇನ್ನೂರು ಬಲ್ಬು ಒಟ್ಟಿಗೆ ಉರಿದವು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಯಾರು ಅಂದುಕೊಂಡಿರಿ? ಗುರುಬಸಪ್ಪ. ಹಲ್ವದ ಕೈಯಲ್ಲೇ ತಟ್ಟುತ್ತಿದ್ದರು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಭಾವ ಮಾತ್ರ ತಟ್ಟಲಿಲ್ಲ. ಅವರು ಬಲ್ಬಿಗೆ ಬೆನ್ನು ಹಾಕಿ ಗೇಟಿನ ಕಡೆ ನೋಡುತ್ತಿದ್ದರು. ಕಸ ತುಂಬಿದ ಲಾರಿಗಳು ಒಂದರ ಹಿಂದೆ ಒಂದು ಮೂರು ಒಳಗೆ ಬಂದವು, ಮೇಲೆ ನೀಲಿ ಟಾರ್ಪಾಲು. ಭಾವನ ಕಣ್ಣು ಹಿಂದಿನ ಚಕ್ರದ ಮೇಲೆ. ಲಾರಿಗೆ ಭಾರ ಬಿದ್ದರೆ ಟೈರು ನೆಲದ ಹತ್ತಿರ ಎಷ್ಟು ಉಬ್ಬುತ್ತದೆ, ಸ್ಪ್ರಿಂಗ್ ಪಟ್ಟಿ ಎಷ್ಟು ಬಾಗುತ್ತದೆ ಎಂದು ಮೂವತ್ತೆರಡು ವರ್ಷ ನೋಡಿದವರು. ಲಾರಿ ತಟ್ಟೆ ಹತ್ತುವ ಮುಂಚೆಯೇ ಇಷ್ಟು ಟನ್ನು ಎಂದು ಹೇಳಿ ಡ್ರೈವರುಗಳಿಂದ ಚಹಾ ಗೆಲ್ಲುತ್ತಿದ್ದರಂತೆ. ಇದು ನನಗೆ ಆಮೇಲೆ ತಿಳಿದದ್ದು. ಆಮೇಲೆ ಅವರು ತಲೆ ಎತ್ತಿ ಆಕಾಶ ನೋಡಿದರು. ಮತ್ತೆ ಅಂಗಳದ ಕಸದ ರಾಶಿ ನೋಡಿದರು. ಮುಖ ಸುಣ್ಣವಾಗಿತ್ತು.

"ಏನಾಯ್ತು ಭಾವ, ಹಲ್ವ ಒಗ್ಗಲಿಲ್ವಾ?"

"ಕಾಗೆ ಇಲ್ಲ, ವೃಂದಾ," ಎಂದರು.

ನಾನು ನೋಡಿದೆ. ಗೋಡೆಯಾಚೆ ದೂರದಲ್ಲಿ ಕಾರ್ಪೊರೇಷನ್ನಿನ ಕಸದ ಮೈದಾನದ ಮೇಲೆ ಆಕಾಶವೇ ಕಪ್ಪಾಗುವಷ್ಟು ಕಾಗೆ. ಈ ರಾಶಿಯ ಮೇಲೆ ಒಂದೂ ಇಲ್ಲ. ತೆಂಗಿನ ಚಿಪ್ಪು, ರಟ್ಟು, ಮರದ ಚೂರು. ಊರಿನ ಒಂದು ಮನೆಯ ಎಂಜಲೂ ಅದರಲ್ಲಿರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಎಲ್ಲರೂ ನೂರಾ ಇಪ್ಪತ್ತು, ನೂರಾ ಐವತ್ತು ಎಂದು ಹರಾಜು ಕೂಗುತ್ತಿದ್ದರು. ಭಾವ ಅಡಯಾರು ದಾಟಿದ ಮೇಲೆ ಗುರುಬಸಪ್ಪನವರ ಕಿವಿಯಲ್ಲೂ ನನ್ನ ಕಿವಿಯಲ್ಲೂ ಹೇಳಿದರು: ದಿನಕ್ಕೆ ಮುನ್ನೂರು ಟನ್ನು ಎಂದು ವರದಿಯಲ್ಲಿದೆ, ಮೂರು ಲಾರಿಯೂ ಸೇರಿ ನಾಲ್ಕು ಟನ್ನಿಲ್ಲ. ಗುರುಬಸಪ್ಪ ಎರಡು ವರ್ಷದಿಂದ ಇದನ್ನೇ ಬೇರೆ ಬೇರೆ ಮಾತಲ್ಲಿ ಹೇಳುತ್ತಿದ್ದವರು, ಈಗ ಗೆದ್ದೆ ಎಂದು ಮೀಸೆ ತಿರುವಬೇಕಲ್ಲ? ಪಾಪ, ಸುಮ್ಮನೆ ಕಿಟಕಿಯ ಕಡೆ ತಿರುಗಿಕೊಂಡರು.

ಮಾರನೆಯ ದಿನ ಶುಕ್ರವಾರ, ಮಹಾಲಯ ಅಮಾವಾಸ್ಯೆ. ಭಾವನ ಮನೆಯಲ್ಲಿ ಪಕ್ಷ. ಚಂದ್ರಮತಿಯಮ್ಮ ಬೆಳಗ್ಗೆಯೇ ಬಂದು ಮಡಿಯುಟ್ಟು ಒಲೆ ಹಚ್ಚಿದ್ದಳು. ತರ್ಪಣ ಆಯಿತು, ಬ್ರಾಹ್ಮಣರ ಊಟ ನಡೆಯುತ್ತಿತ್ತು, ಫೋನು ಬಡಿದುಕೊಂಡಿತು. ನಾನು ಎತ್ತಿದೆ. ಗುರುಬಸಪ್ಪ.

"ಟೀಚರ್ರ, ರಾಯರಿಗೆ ಹೇಳ್ರಿ. ಮೂರೂವರಿಗೆ ಮಾರ್ಕೆಟ್ ಬಂದ್. ಅದರೊಳಗ ಅಕ್ಕಾರ ಷೇರು ಮಾರಿಬಿಡ್ರಿ ಅಂತ. ನಾಳಿ ಸಭಾದಾಗ ಬೇಕಾದ್ರ ಬಾಯಿ ಬಿಡ್ಲಿ, ಬ್ಯಾಡಾದ್ರ ಬಿಡ್ಲಿ. ಮೊದಲ ಮಾರ್ಲಿ."

ನಾನು ನೂರಕ್ಕೆ ನೂರು ಒಪ್ಪಿದೆ. ಸುಳ್ಳೇಕೆ ಹೇಳಲಿ, ಆ ಕ್ಷಣ ನನಗೆ ಅಕ್ಕನ ಮಂಡಿ ಬಿಟ್ಟರೆ ಬೇರೇನೂ ಕಾಣಲಿಲ್ಲ. ಊಟವಾಗಿ ಬ್ರಾಹ್ಮಣರು ಹೊರಟ ಮೇಲೆ ಎರಡು ಗಂಟೆಗೆ ಭಾವನನ್ನು ಹಿಡಿದುಕೊಂಡೆ. ಅವರು ಆಗಲೇ ಕೃಷ್ಣರಾಜನಿಗೆ ಫೋನು ಮಾಡಲು ಚೀಟಿಯಲ್ಲಿ ನಂಬರು ಬರೆದುಕೊಂಡು ನಿಂತಿದ್ದರು. ಅಷ್ಟರಲ್ಲಿ ಅಡಿಗೆಮನೆಯಿಂದ ಚಂದ್ರಮತಿಯಮ್ಮ ಕೈ ಒರೆಸಿಕೊಳ್ಳುತ್ತ ಬಂದಳು. ಮನೆಯವರ ಊಟಕ್ಕೆ ವಡೆ ತಟ್ಟುತ್ತಿದ್ದವಳು.

"ರಾಯರೇ, ಒಂದು ಮಾತು. ನಿನ್ನೆ ಕೃಷ್ಣರಾಜಪ್ಪ ಹೇಳ್ತಿದ್ದ, ಹುತಾಶನ ಮಾರೋರೇ ಸಿಕ್ತಿಲ್ಲ, ಇವತ್ತು ಯಾರಾದ್ರೂ ಮಾರಿದ್ರೆ ಮೊದಲು ನನಗೇ ಕೊಡ್ತೀನಿ ಅಂತ. ಐನೂರು. ಎರಡು ಬಳೆ ಮಾರಿ ದುಡ್ಡು ಕಟ್ಟಿಬಿಟ್ಟಿದೀನಿ. ನೀವು ಒಂದು ಮಾತು 'ಸೆರಿ' ಅಂದ್ರೆ ನನಗೆ ಸಮಾಧಾನ."

ಭಾವ ಅವಳ ಮುಖ ನೋಡಿದರು, ಆಮೇಲೆ ಕೈ ನೋಡಿದರು. ಬರಿಗೈ. ಅಕ್ಕ ಮೂಲೆಯ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದವಳು, "ಚಂದ್ರಾ, ನೀನು ವಡೆ ನೋಡು, ಸೀದುಹೋಗತ್ತೆ" ಎಂದು ಅವಳನ್ನು ಒಳಗೆ ಕಳಿಸಿ, "ಏನು ವಿಷಯ?" ಎಂದಳು.

ಭಾವ ಹೇಳಿದರು. ಟೈರು, ಕಾಗೆ, ಚಿಪ್ಪು, ಎಲ್ಲ. ಮದುವೆಯಾಗಿ ಮೂವತ್ತೆಂಟು ವರ್ಷಕ್ಕೆ ಆ ಮನೆಯೊಳಗೆ ಕಸದ ಲಾರಿಯ ಮಾತು ಬಂದದ್ದು ಅವತ್ತೇ, ಅದೂ ಪಕ್ಷದ ದಿನ, ಮಡಿ ಪಂಚೆಯಲ್ಲಿ.

"ದುಡ್ಡು ನಿನ್ನದು, ಗೋದಾ. ನೀನು ಹೇಳು."

ನಾನು ನಡುವೆ ಬಾಯಿ ಹಾಕಿದೆ. "ಚಂದ್ರಮತೀನ ಬೇಡ ಅನ್ನೋಣ. ಬೇರೆ ಯಾರಿಗಾದ್ರೂ ಮಾರೋಣ."

"ಬೇರೆ ಯಾರು ಅಂದ್ರೆ ಯಾರೇ?" ಎಂದಳು ಅಕ್ಕ. "ಆ ಎಂಟು ಕುರ್ಚಿಯೋರು ತಾನೇ? ಎಲ್ಲಾ ಇವರ ಮಾತು ಕೇಳಿದೋರು."

"ಅಕ್ಕಾ, ನಿನ್ನ ಕಾಲು!"

"ನನ್ನ ಕಾಲು ನನಗೆ ಗೊತ್ತು. ಸುಮ್ನಿರು."

ಗಡಿಯಾರ ಎರಡೂ ಮುಕ್ಕಾಲು. ನನಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂತು. ಆ ಚೀಟಿ ಕಿತ್ತುಕೊಂಡು ನಾನೇ ಫೋನು ಮಾಡಿಬಿಡುತ್ತಿದ್ದೆ, ಆದರೆ ಸಹಿ ಅಕ್ಕನದು ಬೇಕಿತ್ತು. ಅಕ್ಕ ಚಂದ್ರಮತಿಯನ್ನು ಕರೆದು "ಈಗ ಕೊಳ್ಳಬೇಡ. ಕೃಷ್ಣರಾಜನ ಹತ್ತಿರ ದುಡ್ಡು ವಾಪಸ್ ಇಸ್ಕೊ. ಕಾರಣ ನಾಳೆ ಗೊತ್ತಾಗತ್ತೆ" ಎಂದಳು. ಚಂದ್ರಮತಿ ಮುಖ ಊದಿಸಿಕೊಂಡು ಪಾತ್ರೆ ಬಡಿದಳು. ಆಮೇಲೆ ನಾವು ಮೂವರೂ ಎಲೆಯ ಮುಂದೆ ಕೂತೆವು. ಮೂರೂವರೆ ಆದದ್ದು ಪಾಯಸದ ಹೊತ್ತಿಗೆ.

"ನಾಳೆ ನಾನೂ ಬರ್ತೀನಿ," ಎಂದಳು ಅಕ್ಕ.

ಶನಿವಾರ ಬೆಳಗ್ಗೆ ಐವತ್ತೆರಡು ಮೆಟ್ಟಿಲು ಇಳಿಯಲು ಅವಳಿಗೆ ಅರ್ಧ ಗಂಟೆ ಬೇಕಾಯಿತು. ಒಂದು ಕಡೆ ಗೋಡೆ, ಒಂದು ಕಡೆ ಸುಮೇಧಾ. ಸಭೆ ವಡಪಳನಿಯ ಒಂದು ಕಲ್ಯಾಣ ಮಂಟಪದಲ್ಲಿ. ಮುಂಚಿನ ದಿನ ಯಾವುದೋ ಸಿನಿಮಾದ ಮದುವೆ ದೃಶ್ಯ ತೆಗೆದಿದ್ದರಂತೆ, ಹೂವಿನ ಮಂಟಪ ಹಾಗೇ ಇತ್ತು. ಎಂಡಿ ಅದರ ಕೆಳಗೆ ಮದುಮಗನಂತೆ ಕೂತಿದ್ದ. ಎಂದಿನಂತೆ ಮೊದಲ ಹೆಸರು ಭಾವನದೇ.

"ಮಾನ್ಯ ಚೇರ್ಮನ್ ಸಾರ್, ಈ ವರ್ಷ ವರದಿಯ ಹೊದಿಕೆ ಕೇಸರಿ," ಎಂದು ಶುರುವಾಯಿತು. ಆಗಲೇ ಚಪ್ಪಾಳೆ. ಅಯ್ಯೋ, ಅಭ್ಯಾಸಬಲ, ಹೊಗಳಿ ಕೂತುಬಿಡುತ್ತಾರೆ! ಭಾವ ನಿಲ್ಲಿಸಿದರು. ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಒಂದೇ ಪ್ರಶ್ನೆ ಸಾರ್. ನಿಮ್ಮ ವೇಬ್ರಿಡ್ಜ್ ಪುಸ್ತಕ ತೋರಿಸಿ. ಗುರುವಾರ ಬಂದ ಮೂರು ಲಾರಿಯಲ್ಲಿ ನಾಲ್ಕು ಟನ್ನೂ ಇರಲಿಲ್ಲ. ಅದೂ ತೆಂಗಿನ ಚಿಪ್ಪು. ಊರಿನ ಕಸ ಎಲ್ಲಿ?"

ಎಂಡಿ ನಕ್ಕ. "ದೂರದಿಂದ ನೋಡಿ ತೂಕ ಹೇಳ್ತೀರಾ? ನೀವು ಯಾರು, ಎಂಜಿನಿಯರಾ?"

"ಅಲ್ಲ ಸಾರ್. ಕುಪ್ಪೆ ಲಾರಿ ತೂಗ್ತಿದ್ದವನು. ಕಾರ್ಪೊರೇಷನ್ನಿನ ಕಸದ ವೇಬ್ರಿಡ್ಜಿನಲ್ಲಿ ಮೂವತ್ತೆರಡು ವರ್ಷ."

ಆ ಸಭೆಯಲ್ಲಿ ನಮ್ಮ ನೆಂಟರಿಷ್ಟರೇ ಹದಿನೈದು ಜನ ಇದ್ದರು. ಅಕೌಂಟ್ಸ್ ಸೈಡು ಎಂದು ನಂಬಿದ್ದವರು. ಅವರ ಮುಂದೆ ಭಾವ ಮೈಕಿನಲ್ಲಿ ಹೇಳಿದರು. ನನಗೆ ಎದ್ದು ಕೂಗಬೇಕೆನಿಸಿತು, ಶಭಾಷ್ ಭಾವ ಎಂದು. ಅಷ್ಟರಲ್ಲಿ ಬೇರೆಯವರೇ ಕೂಗಿದರು, "ಉಕ್ಕಾರುಯ್ಯಾ! ಕೂತ್ಕೋ! ರೇಟು ಬೀಳಿಸ್ತೀಯಾ?" ಯಾರೋ ತಿಂಡಿ ಪೊಟ್ಟಣ ಎಸೆದರು. ಎಂಡಿ ಪಟ್ಟಿ ನೋಡಿ ಹೇಳಿದ, "ನಿಮ್ಮ ಹೆಸರಲ್ಲಿರೋದು ಹತ್ತೇ ಹತ್ತು ಷೇರು. ಹತ್ತು ಷೇರಿನವರು ಕಂಪನಿಯ ಪುಸ್ತಕ ಕೇಳಿದರೆ ನಾವು ಅಂಗಡಿ ಮುಚ್ಚಬೇಕಾಗುತ್ತೆ." ಎಲ್ಲರೂ ನಕ್ಕರು.

ಅಕ್ಕ ಎದ್ದಳು. ಮೈಕಿನವರೆಗೆ ಹೋಗಲು ಆಗಲಿಲ್ಲ, ಮುಂದಿನ ಕುರ್ಚಿಯ ಬೆನ್ನು ಹಿಡಿದು ನಿಂತಲ್ಲಿಂದಲೇ ತಮಿಳಿನಲ್ಲಿ ಹೇಳಿದಳು. ಅವಳ ಧ್ವನಿ ಮಂಟಪದ ಕೊನೆಯವರೆಗೂ ಹೋಯಿತು.

"ಹದಿನಾಲ್ಕು ಸಾವಿರ ಷೇರು ನಂದು. ಗೋದಾಬಾಯಿ ಅಂತ ಹೆಸರಿದೆ, ನೋಡ್ಕೊಳ್ಳಿ. ನಾನು ಒಂದೂ ಮಾರಿಲ್ಲ. ರೇಟು ಬಿದ್ರೆ ಮೊದಲು ಬೀಳೋಳು ನಾನು. ಈಗ ಅವರು ಕೇಳಿದ್ದಕ್ಕೆ ಉತ್ತರ ಹೇಳಿ."

ಕೂಗಾಟ ನಿಂತಿತು. ಎಂಡಿ ಪಕ್ಕದವನ ಕಿವಿ ಕಚ್ಚಿದ, ನೀರು ಕುಡಿದ, ಪುಸ್ತಕವೆಲ್ಲ ವ್ಯಾಪಾರದ ಗುಟ್ಟು ಎಂದ. ಅಷ್ಟು ಸಾಕಾಯಿತು. ಹಿಂದಿನ ಸಾಲಿನಿಂದ ಒಬ್ಬೊಬ್ಬರೇ ಎದ್ದು ಫೋನು ಹಿಡಿದು ಹೊರಗೆ ಹೋದರು.

ಸೋಮವಾರ ಹುತಾಶನವನ್ನು ಕೊಳ್ಳುವವರೇ ಇಲ್ಲ. ಮಂಗಳವಾರವೂ ಇಲ್ಲ. ದಶಮಿಯ ಹೊತ್ತಿಗೆ ಕಾಗದದ ಮೇಲೆ ಐವತ್ತು, ಆ ಬೆಲೆಗೂ ಕೈ ನೀಡುವವರಿಲ್ಲ. ಗುರುಬಸಪ್ಪ ನಮ್ಮ ಮನೆಗೆ ಬಂದು ಕಾಫಿ ಲೋಟ ಹಿಡಿದುಕೊಂಡು ನಿಜ ಒಪ್ಪಿಕೊಂಡರು: ಅವರ ಹತ್ತಿರ ಒಂದಲ್ಲ, ಒಂದು ಸಾವಿರ ಷೇರಿತ್ತು. ಅರವತ್ತರಲ್ಲಿ ಕೊಂಡದ್ದು. "ನಾ ಬೈದಷ್ಟೂ ಏರ್ತಿತ್ತಲ್ರೀ. ಹೊಟ್ಟಿ ಉರೀತು, ತಗೊಂಡೆ. ಜಯದೇವಿಗೆ ಹೇಳಬ್ಯಾಡ್ರಿ." ಶುಕ್ರವಾರ ತಮ್ಮದನ್ನು ಯಾಕೆ ಮಾರಲಿಲ್ಲ ಎಂದು ಕೇಳಿದೆ. "ರಾಯರು ಮಾರ್ತಾರೇನೋ ಅಂತ ಕಾಯ್ಕೊಂತ ಕುಂತೆ," ಎಂದರು. ಎರಡು ವರ್ಷ ಭಾವನನ್ನು ಬೆಪ್ಪು ಎಂದವರು, ಕೊನೆಗೆ ಅವರ ಹಿಂದೆಯೇ! ನಾನು ನಕ್ಕುಬಿಟ್ಟೆ, ಭಾವನೂ ಅವತ್ತು ಮೊದಲ ಸಲ ನಕ್ಕರು.

ಚಂದ್ರಮತಿ ನಗಲಿಲ್ಲ. ಮೂರು ಮಹಡಿ ಹತ್ತಿ ಬಂದು ಬಾಗಿಲಲ್ಲೇ ನಿಂತು ಬೈದಳು. "ನೀವು ಬಾಯಿ ಮುಚ್ಚಿಕೊಂಡಿದ್ರೆ ನನ್ನ ಇನ್ನೂರನ್ನಾದ್ರೂ ಮಾರ್ಕೋತಿದ್ದೆ. ದೊಡ್ಡವರ ಮನೆ ಅಂತ ನಂಬಿದ್ದಕ್ಕೆ ಸರಿಯಾಗಿ ಮಾಡಿದ್ರಿ. ಇನ್ಮೇಲೆ ಈ ಮನೇಲಿ ಅಡಿಗೆಗೆ ಬರೋಲ್ಲ." ಐನೂರರ ದುಡ್ಡು, ಬಳೆಯ ದುಡ್ಡು, ಕೈಗೆ ವಾಪಸ್ ಬಂದದ್ದರ ಬಗ್ಗೆ ಒಂದು ಮಾತಿಲ್ಲ. ನಾನು ಜಗಳಕ್ಕೆ ಸೆರಗು ಸಿಕ್ಕಿಸಿಕೊಂಡೆ, ಅಕ್ಕ ಕಣ್ಣಲ್ಲೇ ತಡೆದಳು. ಭಾವ ತಲೆ ತಗ್ಗಿಸಿ ಕೇಳಿಸಿಕೊಂಡರು. ಈಗಲೂ ಅವರು ವಾರ್ಷಿಕ ಸಭೆಗಳಿಗೆ ಹೋಗುತ್ತಾರೆ, ತಿಂಡಿ ಪೊಟ್ಟಣ ತರುತ್ತಾರೆ. ಮಾತನಾಡುವವರ ಪಟ್ಟಿಯಲ್ಲಿ ಮಾತ್ರ ಯಾವ ಸೆಕ್ರೆಟರಿಯೂ ಅವರ ಹೆಸರು ಬರೆದುಕೊಳ್ಳುವುದಿಲ್ಲ.

ವಿಜಯದಶಮಿಯ ದಿನ ಶಿವರಾಮು ಅವರಿಗೆ ಉತ್ತರ ಹೇಳಬೇಕಿತ್ತು. ಭಾವ ಹೋಗುತ್ತೇನೆಂದರು. ಅಕ್ಕ ಬಿಡಲಿಲ್ಲ. "ಮನೆ ಬೇಕು ಅಂದಿದ್ದು ನಾನು, ಬೇಡ ಅನ್ನೋದೂ ನಾನೇ." ಮತ್ತೆ ಗೋಡೆ ಹಿಡಿದು ಇಳಿದಳು. ಶಿವರಾಮು ಒಳ್ಳೆಯವರು, ಕುರ್ಚಿ ಹಾಕಿದರು, ಬನ್ನಿ ಎಲೆ ಕೊಟ್ಟರು. ಅಕ್ಕ ನೇರವಾಗಿ ಹೇಳಿದಳು, "ನಮ್ಮ ಕೈಲಿ ಆಗೋಲ್ಲ, ಬೇರೆಯವರಿಗೆ ಕೊಟ್ಟುಬಿಡಿ." ಅವರಿಗೆ ಬೇಜಾರಾಯಿತು. ಊರೆಲ್ಲ ಗೊತ್ತಿರುವ ವಿಷಯವನ್ನು ಕೇಳಿಯೇ ಕೇಳಿದರು.

"ಮಾಮಿ, ತಪ್ಪು ತಿಳೀಬೇಡಿ. ಶುಕ್ರವಾರವೇ ನಿಮಗೆ ಎಲ್ಲಾ ಗೊತ್ತಿತ್ತಂತೆ. ಹತ್ತು ಲಕ್ಷ! ಒಂದು ಫೋನು ಮಾಡಿದ್ರೆ ಇವತ್ತು ಈ ಮನೆ ನಿಮ್ಮದಾಗಿರ್ತಿತ್ತು. ಯಾಕೆ ಮಾರಲಿಲ್ಲ?"

ಅಕ್ಕ ಆ ಮನೆಯ ನೆಲ, ಕಿಟಕಿ, ಹೊರಗಿನ ನಾಲ್ಕು ಅಡಿ ಜಾಗ ಎಲ್ಲವನ್ನೂ ಒಂದು ಸಲ ನೋಡಿದಳು. ಭಾವ ಹೊಸಿಲಾಚೆ ನಿಂತಿದ್ದರು, ಒಳಗೆ ಬರುವ ಧೈರ್ಯ ಅವರಿಗಿರಲಿಲ್ಲ.

"ಕೊಳ್ಳೋವಳು ನಮ್ಮ ಅಡಿಗೆಮನೇಲೇ ವಡೆ ತಟ್ಟುತಾ ಇದ್ದಳಪ್ಪಾ," ಎಂದಳು ಅಕ್ಕ. "ಹೆಂಗೆ ಮಾರೋದು?"

ಅಕ್ಕ ಎದ್ದು ಭಾವನ ಕಡೆ ಕೈ ಚಾಚಿದಳು, ಅವರು ಬಂದು ಹಿಡಿದುಕೊಂಡರು. ಇಬ್ಬರೂ ಮೊದಲನೆಯ ಮೆಟ್ಟಿಲು ಹತ್ತಿದರು. ಬಾಗಿಲು ತೆಗೆದಿಡಲು ನಾನು ಮುಂದೆ ಹೋದೆ.